ಚಂದ್ರಿಕೆಯ ಮರೆಯಲ್ಲಿ ಚಿಕ್ಕಮ್ಮನ ಯೋಗ

ಎರಡು ತಿಂಗಳ ಹಿಂದೆ ನಮ್ಮ ಮನೆಗೊಂದು ಚಾಪೆ ಬಂತು. ಚಾಪೆ ಎಂದ ಕೂಡಲೇ ಈಚಲು ಚಾಪೆಯನ್ನು ನೆನೆಯಬೇಡಿ. ಇದು ನೇರಳೆ ಬಣ್ಣದ್ದು, ಸುರುಳಿ ಸುತ್ತಿದ್ದು, ಬಿಚ್ಚಿದರೆ ಸೈಕಲ್ ಶಾಪಿನ ಹೊಸ ಟೈರಿನ ವಾಸನೆ ಬರುವಂಥದ್ದು. ನನ್ನ ಸೊಂಟನೋವಿಗೆ ಡಾಕ್ಟರು, "ಬೆಳಿಗ್ಗೆ ಸ್ವಲ್ಪ ಯೋಗ ಮಾಡಿ ಮೇಡಂ" ಎಂದಿದ್ದರು. ಆ ಮಾತನ್ನು ನಾನು ಔಷಧದ ಚೀಟಿಯ ಜೊತೆ ಪರ್ಸಿನಲ್ಲಿ ಮಡಚಿಟ್ಟು ಸುಖವಾಗಿ ಮರೆತಿದ್ದೆ. ನನ್ನ ಮಗಳು ಸಿರಿ ಮರೆಯಲಿಲ್ಲ. ಇಲ್ಲೇ ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿರುವ ಅವಳಿಗೆ, ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಮನೆಯವರ ಆರೋಗ್ಯದ ಮೇಲೆ ಅತಿಯಾದ ಕಾಳಜಿ ಹುಟ್ಟುತ್ತದೆ.

"ಅಮ್ಮಾ, ಸುಮ್ನೆ ಚಾಪೆ ಹಾಸ್ಕೊಂಡ್ರೆ ಆಗಲ್ಲ. ಮೂಡ್ ಬರ್ಬೇಕು ಅಂದ್ರೆ ಒಂದು ವಾತಾವರಣ ಬೇಕು," ಎಂದು ಅವಳೇ ನಿಂತು ಮಲಗುವ ಕೋಣೆಯಲ್ಲಿ ಬೀರುವಿಗೂ ಕಿಟಕಿಗೂ ನಡುವಿನ ಜಾಗ ಖಾಲಿ ಮಾಡಿಸಿದಳು. ಅಲ್ಲಿದ್ದ ಹೊಲಿಗೆ ಮಿಷನ್ನು ಹಾಲಿಗೆ ಬಂತು. ಕಿಟಕಿಯಲ್ಲೊಂದು ಮನಿಪ್ಲಾಂಟ್, ನೆಲದ ಮೇಲೆ ಕಣ್ಣು ಮುಚ್ಚಿದ ಪುಟ್ಟ ಬುದ್ಧ, ಲ್ಯಾವೆಂಡರ್ ಪರಿಮಳದ ಮಂಜು ಉಗುಳುವ ಒಂದು ಚೊಂಬಿನಾಕಾರದ ಯಂತ್ರ, ಮೊಬೈಲಿನಲ್ಲಿ ಕೊಳಲು. ನೋಡಿದರೆ ಯಾರಿಗಾದರೂ ಪದ್ಮಾಸನ ಹಾಕಬೇಕು ಅನ್ನಿಸಬೇಕು.

ಮೊದಲ ದಿನ ಹಾಕಿದೆ. ಪದ್ಮಾಸನ ಪೂರ್ತಿ ಬರಲಿಲ್ಲ, ಅರ್ಧ ಬಂತು. ಕಣ್ಣು ಮುಚ್ಚಿ ಉಸಿರು ಎಳೆಯುವಷ್ಟರಲ್ಲಿ ಯಜಮಾನರು ಬಂದು, "ಸ್ವಲ್ಪ ಹಂಗೇ ಜರುಗು, ಬೀರು ಬಾಗಿಲು ತೆಗೀಬೇಕು, ಬನಿಯನ್ ಒಳಗಿದೆ" ಎಂದರು. ಜರುಗಿದೆ. ಕಸದ ಗಾಡಿಯ ಹಾಡು ಬೀದಿ ತಿರುವಿನಲ್ಲಿ ಕೇಳಿತು. ಹಸಿಕಸದ ಬಕೆಟ್ ಹಿಡಿದು ಓಡಿದೆ. ಮತ್ತೆ ಬಂದು ಕೂತೆ. ಕುಕ್ಕರ್ ಕೂಗಿತು. ಎಷ್ಟನೇ ಕೂಗು ಎಂದು ಮನೆಯಲ್ಲಿ ಮೂವರಿಗೂ ಗೊತ್ತಿರಲಿಲ್ಲವಾದ್ದರಿಂದ ಎದ್ದು ಹೋಗಿ ಆರಿಸಿದೆ. ವಾಪಸ್ಸು ಬಂದಾಗ ಕೊಳಲು ನಿಂತು ಮೊಬೈಲಿನಲ್ಲಿ ಯಾವುದೋ ಸೋಪಿನ ಜಾಹೀರಾತು ಶುರುವಾಗಿತ್ತು. ಬುದ್ಧ ಮಾತ್ರ ಹಾಗೇ ಕೂತಿದ್ದ. ಅವನನ್ನು ಯಾರೂ ಕರೆಯುತ್ತಿರಲಿಲ್ಲವಲ್ಲ.

ಹೀಗೆ ಆ ಮೂಲೆಯಲ್ಲಿ ನಾನು ಯೋಗ ಮಾಡಿದ್ದು ಕಡಿಮೆ, ಚಿಕ್ಕಮ್ಮನನ್ನು ನೆನೆಸಿಕೊಂಡದ್ದು ಹೆಚ್ಚು. ನನ್ನ ಬದುಕಿನಲ್ಲಿ ಮನೆಯೊಳಗೆ ಯೋಗ ಮಾಡಲೆಂದು ಜಾಗ ಹುಡುಕಿದ ಮೊದಲ ವ್ಯಕ್ತಿ ಅವಳು.

ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕಾದ ಊರು. ಅಪ್ಪ ಪಕ್ಕದೂರಿನ ಶಾಲೆಯಲ್ಲಿ ಮೇಷ್ಟ್ರು. ಚಿಕ್ಕಪ್ಪ ತೋಟ ನೋಡಿಕೊಳ್ಳುತ್ತಿದ್ದ. ತೋಟ ಎಂದರೆ ಹಿಪ್ಪುನೇರಳೆ, ಕೆಲಸ ಎಂದರೆ ರೇಷ್ಮೆ ಹುಳು. ಇವೆಲ್ಲದರ ಮೇಲೆ ಅಜ್ಜಿ. ನಾವು ಅವಳನ್ನು ಅವ್ವ ಎನ್ನುತ್ತಿದ್ದೆವು. ಹುಣ್ಣಿಮೆಗೊಮ್ಮೆ ಕೈವಾರಕ್ಕೆ ಹೋಗಿಬರುವುದನ್ನು ಬಿಟ್ಟರೆ ಅವ್ವ ಮನೆ ಬಿಟ್ಟು ಕದಲುತ್ತಿರಲಿಲ್ಲ. ಪ್ರೀತಿ ಬಂದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ನಮಗೆಲ್ಲ ತೆಲುಗು ಚೆನ್ನಾಗಿ ಬಂದದ್ದು ಹಾಗೆ.

ಹುಳದ ಮನೆ ಎಂದರೆ ಮನೆಯೊಳಗೇ ಹುಳು ಸಾಕುವ ಕೋಣೆಗಳು. ಅದರ ಕಾಯ್ದೆಗಳನ್ನು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಒಳಗೆ ಹೋಗುವ ಮೊದಲು ಕೈಕಾಲು ತೊಳೆಯಬೇಕು. ಊದುಬತ್ತಿ ಹಚ್ಚಬಾರದು. ಒಗ್ಗರಣೆಯ ಘಾಟು ಆ ಕಡೆ ಸುಳಿಯಬಾರದು. ಮುಖಕ್ಕೆ ಪೌಡರ್ ಬಳಿದುಕೊಂಡು ಬಾಗಿಲ ಹತ್ತಿರ ಹೋದರೂ ಅವ್ವನ ಮೂಗಿಗೆ ತಿಳಿಯುತ್ತಿತ್ತು. ಬೇಸಗೆಗೆ ತಂಪು, ಚಳಿಗೆ ಇದ್ದಿಲ ಕಾವು, ಹದವಾಗಿ ಗಾಳಿ. ಹುಳುಗಳು ಪೊರೆ ಬಿಡುವ ಕಾಲಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ನಾವು ಮಕ್ಕಳು ಹಜಾರದಲ್ಲಿ ಓಡಬಾರದು, ಬಾಗಿಲು ಬಡಿಯಬಾರದು. ಜ್ವರ ಬಿಟ್ಟು ಎದ್ದ ಮೇಲೆ ತಿನ್ನುವುದಕ್ಕೆ ಶುರು ಮಾಡಿದರೆ ಒಣಗಿದ ಎಲೆಯ ಮೇಲೆ ತುಂತುರು ಬಿದ್ದ ಹಾಗೆ ಸದ್ದು. ಆ ಸದ್ದು ಕೇಳಿಕೊಂಡೇ ನಾನು ಮಗ್ಗಿ ಕಲಿತೆ.

ಈ ಮನೆಗೆ ಚಿಕ್ಕಮ್ಮ ಸೊಸೆಯಾಗಿ ಬಂದಳು. ಹೆಸರು ಲಲಿತ. ಗೌರಿಬಿದನೂರಿನ ಕಡೆ, ವಿದುರಾಶ್ವತ್ಥದ ಹತ್ತಿರದವಳು. ಅವರ ಮನೆಯಲ್ಲಿ ಕಡಲೆಕಾಯಿ, ಜೋಳ. ರೇಷ್ಮೆ ಹುಳುವನ್ನು ಅವಳು ಅಲ್ಲಿಯವರೆಗೆ ಕಂಡವಳೇ ಅಲ್ಲ. ಆದರೂ ಬಂದ ಕೆಲವೇ ದಿನಗಳಲ್ಲಿ ಸೊಪ್ಪು ಕತ್ತರಿಸುವುದು, ತಟ್ಟೆ ಬದಲಿಸುವುದು, ಗೂಡು ಕಟ್ಟುವ ಹದಕ್ಕೆ ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವುದು ಎಲ್ಲ ಕಲಿತಳು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ದೊಡ್ಡ ತಡಿಕೆ. ಅದರ ತುಂಬ ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಸುತ್ತಿರುತ್ತದೆ. ನಗುನಗುತ್ತ ಕೆಲಸ ಮಾಡುವ ಚಿಕ್ಕಮ್ಮನನ್ನು ಕಂಡರೆ ನನಗೆ ಪ್ರಾಣ. ಅವಳಿಗೂ ಅಷ್ಟೇ. ನನ್ನನ್ನು ಅಮ್ಮಣ್ಣಿ ಎಂದು ಕರೆಯುತ್ತಿದ್ದಳು.

ವರ್ಷ ತಿರುಗುವುದರೊಳಗೆ ಚಿಕ್ಕಮ್ಮನಿಗೆ ದಮ್ಮು ಹತ್ತಿತು. ಮೊದಲು ಕೆಮ್ಮು, ಆಮೇಲೆ ಎದೆಯಲ್ಲಿ ಸಿಳ್ಳೆ, ಆಮೇಲೆ ಗೋಡೆ ಹಿಡಿದು ನಿಂತು ಗಾಳಿಗಾಗಿ ಬಾಯಿ ತೆರೆಯುವುದು. ಶಿಡ್ಲಘಟ್ಟದ ಡಾಕ್ಟರು ಮಾತ್ರೆ ಕೊಟ್ಟು, "ಹುಳದ ಮನೆ ಧೂಳು ಇವರಿಗೆ ಆಗಿಬರ್ತಿಲ್ಲ. ಒಳಗೆ ಕಳಿಸ್ಬೇಡಿ" ಎಂದುಬಿಟ್ಟರು.

ಅಷ್ಟು ಹೇಳುವುದು ಡಾಕ್ಟರಿಗೆ ಸುಲಭ. ಆದರೆ ನಮ್ಮ ಕಡೆ ಹುಳದ ಮನೆಗೆ ಕಾಲಿಡದ ಸೊಸೆ ಎಂದರೆ ಏನರ್ಥ ಎಂದು ಊರಿಗೆಲ್ಲ ಗೊತ್ತು. ಸೊಪ್ಪು ಕೀಳಲು ಬಂದ ಹೆಂಗಸರು, "ಏನಮ್ಮ, ನಿಮ್ಮ ಚಿಕ್ ಸೊಸೆ ಹೊರಗೇ ಕೂತವ್ಳೆ? ದೊಡ್ಡೋಳು ಒಬ್ಳೇ ಸಾಯ್ತವ್ಳೆ ಪಾಪ" ಎಂದು ಕೇಳುವರು. ದೊಡ್ಡವಳೆಂದರೆ ನನ್ನ ಅಮ್ಮ. ಅಮ್ಮ ತುಟಿ ಬಿಗಿದು ಎರಡಾಳಿನ ಕೆಲಸ ಮಾಡುತ್ತಿದ್ದಳು. ಅವ್ವ ಸೊಪ್ಪು ಕತ್ತರಿಸುತ್ತಲೇ ಇರುತ್ತಿದ್ದಳು. ಚಿಕ್ಕಪ್ಪ ಎರಡು ಕಡೆಯೂ ಮಾತಾಡಲಾರದೆ ತೋಟಕ್ಕೆ ಹೋಗಿಬಿಡುತ್ತಿದ್ದ. ಚಿಕ್ಕಮ್ಮನಿಗೆ ಮಕ್ಕಳಾಗಿರಲಿಲ್ಲ. "ಸ್ವಲ್ಪ ದಿನ ತವರಿಗೆ ಹೋಗಿ ಸುಧಾರಿಸ್ಕೊಂಡು ಬರ್ಲಿ" ಎಂಬ ಮಾತು ಯಾರ ಬಾಯಿಂದಲೋ ಬಂದು ಮನೆಯಲ್ಲಿ ಓಡಾಡತೊಡಗಿತ್ತು. ಅಂಥ ಸ್ವಲ್ಪ ದಿನಗಳು ಎಷ್ಟು ಉದ್ದವಾಗುತ್ತವೆ ಎಂಬುದು ಚಿಕ್ಕ ಹುಡುಗಿಯಾದ ನನಗೂ ಅರ್ಥವಾಗುತ್ತಿತ್ತು.

ಆ ಹೊತ್ತಿಗೆ ನಮ್ಮ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ಯೋಗ ಹೇಳಿಕೊಡಲು ಶುರು ಮಾಡಿದರು. ಒಂದು ದಿನ ನನಗೆ ಬುತ್ತಿ ತಂದುಕೊಟ್ಟ ಚಿಕ್ಕಮ್ಮ ಹಾಗೇ ಬಯಲಿನ ಅಂಚಿನಲ್ಲಿ ನಿಂತುಬಿಟ್ಟಳು. ಮೇಷ್ಟ್ರು ಆಗ ಉಸಿರಾಟ ಹೇಳಿಕೊಡುತ್ತಿದ್ದರು: ನಿಧಾನವಾಗಿ ಎಳೆಯಿರಿ, ಇನ್ನೂ ನಿಧಾನವಾಗಿ ಬಿಡಿ, ಹೊಟ್ಟೆ ಆಡಲಿ, ಭುಜ ಆಡಬಾರದು. ಸಂಜೆ ಮನೆಗೆ ಬಂದ ಕೂಡಲೇ ಚಿಕ್ಕಮ್ಮ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಅಮ್ಮಣ್ಣಿ, ಆ ಉಸಿರು ಬಿಡೋದು ನಂಗೂ ಹೇಳ್ಕೊಡೇ. ಯಾರಿಗೂ ಹೇಳ್ಬೇಡ" ಎಂದಳು.

ಹೀಗೆ ನಾನು ಫ್ರಾಕ್ ತೊಡುವ ವಯಸ್ಸಿನಲ್ಲೇ ಯೋಗಗುರುವಾದೆ. ಗುರುವಿಗೆ ಆಸನಗಳ ಹೆಸರು ಸರಿಯಾಗಿ ಗೊತ್ತಿರಲಿಲ್ಲ. ಭುಜಂಗಾಸನಕ್ಕೆ ಭುಜದ ಆಸನ ಎಂದು ಅರ್ಥ ಮಾಡಿಕೊಂಡು, ಶಿಷ್ಯೆಯಿಂದ ಸುಮ್ಮನೆ ಭುಜ ತಿರುಗಿಸಿದ್ದೂ ತಿರುಗಿಸಿದ್ದೇ. ಶಿಷ್ಯೆ ಮಾತ್ರ ಒಂದು ದಿನವೂ ಎದುರು ಹೇಳಲಿಲ್ಲ. ಅಂಥ ವಿದ್ಯಾರ್ಥಿನಿ, ನಾನು ನಿಜವಾಗಿಯೂ ಟೀಚರಾದ ಮೇಲೆ ಒಬ್ಬಳೂ ಸಿಕ್ಕಿಲ್ಲ.

ನಮಗಿದ್ದ ತೊಂದರೆ ಜಾಗದ್ದು. ಮನೆ ದೊಡ್ಡದೇ. ಆದರೆ ಒಳ್ಳೆಯ ಕೋಣೆಗಳೆಲ್ಲ ಹುಳುಗಳವು, ಮಿಕ್ಕ ಕಡೆ ನಾವು. ನಡುಮನೆಯಲ್ಲಿ ಯಾವಾಗಲೂ ಜನ. ಅಡುಗೆಮನೆಯಲ್ಲಿ ಹೊಗೆ. ಒಂದು ಬೆಳಿಗ್ಗೆ ಮಾಳಿಗೆ ಹತ್ತಿದೆವು. ಚಿಕ್ಕಮ್ಮ ಎರಡು ಕೈ ಮೇಲೆತ್ತಿ ನಿಂತಿದ್ದಳು. ಎದುರು ಮನೆಯ ಮುದುಕಿ ಬೀದಿಗೆಲ್ಲ ಕೇಳುವ ಹಾಗೆ, "ಏನಮ್ಮಾ ಲಲಿತಮ್ಮ, ಮೈಮೇಲೆ ದೇವ್ರು ಬಂತಾ? ಯಾವ ದೇವ್ರು?" ಎಂದು ಕೇಳಿದಳು. ಚಿಕ್ಕಮ್ಮ ಎತ್ತಿದ ಕೈಯನ್ನು ಹಾಗೇ ಒಗೆದ ಬಟ್ಟೆ ಹರಡುವ ತಂತಿಗೆ ಹಾಕಿ, "ಇಲ್ಲ ಅಜ್ಜಿ, ತಂತಿ ಸಡ್ಲಾಗಿದೆ, ಬಿಗೀತಿದೀನಿ" ಎಂದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ನಕ್ಕೆವು. ಆಮೇಲೆ ರಾಗಿ ಮೂಟೆಗಳ ಕೋಣೆ. ಅಲ್ಲಿ ಇಲಿ. ಕೊನೆಗೆ ಕೊಟ್ಟಿಗೆಯ ಹಿಂದಿನ ಹುಲ್ಲಿನ ಮನೆ. ಅಲ್ಲಿಗೆ ಯಾರೂ ಬರುವುದಿಲ್ಲ ಎಂದು ನಮಗೆ ಸಂತೋಷವಾಯಿತು. ಒಣಹುಲ್ಲಿನ ಧೂಳು ದಮ್ಮಿನವರಿಗೆ ಏನು ಮಾಡುತ್ತದೆಂದು ಗುರುವಿಗೂ ತಿಳಿಯದು, ಶಿಷ್ಯೆಗೂ ತಿಳಿಯದು.

ಅಲ್ಲಿ ಕೂತ ಎರಡನೆಯ ಬೆಳಿಗ್ಗೆಯೇ ಚಿಕ್ಕಮ್ಮನಿಗೆ ಉಸಿರು ಕಟ್ಟಿತು. ಕತ್ತಿನ ನರ ಉಬ್ಬಿ, ತುಟಿ ನೀಲಿಗಟ್ಟಿ, ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು. ನಾನು "ಅವ್ವಾ" ಎಂದು ಕಿರುಚಿದೆ. ಅವ್ವ ಬಂದದ್ದನ್ನು ನಾನು ಮರೆಯುವ ಹಾಗಿಲ್ಲ. ಸೊಪ್ಪಿನ ಮಚ್ಚು ಕೈಯಲ್ಲೇ ಇತ್ತು. ಅದನ್ನು ಎಸೆದು ಸೊಸೆಯನ್ನು ಮಗುವಿನ ಹಾಗೆ ತೋಳಿಗೆ ಹಾಕಿಕೊಂಡು ಬಯಲಿಗೆ ತಂದಳು. ಕಲ್ಲಿನ ಮೇಲೆ ಕೂರಿಸಿ ಬೆನ್ನು ನೀವುತ್ತ, "ನಿಧಾನ ತಾಯೀ, ನಿಧಾನ" ಎನ್ನುತ್ತಿದ್ದಳು. ಅಮ್ಮ ಮಾತ್ರೆ, ಬಿಸಿನೀರು ತಂದಳು. ಚಿಕ್ಕಮ್ಮನ ಮುಖಕ್ಕೆ ಬಣ್ಣ ತಿರುಗಿದ ಮೇಲೆ ಅವ್ವ ನನ್ನ ಕಡೆ ನೋಡಿದಳು. "ಅಕ್ಕಡೇಮಿ ಚೇಸ್ತಾ ಉಂಡ್ರಿ?" ಅಲ್ಲೇನು ಮಾಡ್ತಿದ್ರಿ ಎಂದು ತೆಲುಗಿನಲ್ಲಿ ಕೇಳಿದಳೆಂದರೆ ಸುಳ್ಳು ಹೇಳುವ ಹಾಗಿಲ್ಲ. ಮಾಳಿಗೆ, ಮೂಟೆ ಕೋಣೆ, ಹುಲ್ಲಿನ ಮನೆ ಎಲ್ಲ ಹೇಳಿದೆ. ಅವ್ವ ಮಚ್ಚು ಎತ್ತಿಕೊಂಡು ಒಳಗೆ ಹೋದಳು.

ಆ ವಾರವೇ ಚಿಕ್ಕಮ್ಮನ ಅಪ್ಪ ಬಂದರು. ಸುದ್ದಿ ಯಾರು ಮುಟ್ಟಿಸಿದರೋ. ಬಿಳಿ ಪಂಚೆಯ, ಮೆದು ಮಾತಿನ ಮನುಷ್ಯ. ಜಗಲಿಯ ಮೇಲೆ ಕೂತು, "ಮಗು ಹುಷಾರಾಗೋವರ್ಗೂ ಕರ್ಕೊಂಡು ಹೋಗ್ತೀನಮ್ಮ. ನಿಮಗೂ ತೊಂದ್ರೆ ಬೇಡ" ಎಂದರು. ಒಳಗೆ ಚಿಕ್ಕಮ್ಮ ಟ್ರಂಕಿನ ಮುಂದೆ ಕೂತಿದ್ದಳು. ಮಡಚಿದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಒಮ್ಮೆ ಒಳಗೆ, ಒಮ್ಮೆ ಹೊರಗೆ ನೋಡುತ್ತಿದ್ದೆ. ಚಿಕ್ಕಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

ಅವ್ವ ಎಲೆ ಅಡಿಕೆ ತಟ್ಟೆಯನ್ನು ಬೀಗರ ಮುಂದೆ ಸರಿಸಿ, "ಊಟ ಮಾಡ್ಕೊಂಡು ಹೊರಡಿ. ಆದ್ರೆ ಒಬ್ರೇ ಹೊರಡಿ" ಎಂದಳು.

"ಅಲ್ಲಮ್ಮ, ಹುಳದ ಮನೆ ಅವ್ಳಿಗೆ..."

"ಹುಳದ ಮನೆಗೆ ಹೋಗ್ಬೇಡ ಅಂದ್ರು ಡಾಕ್ಟ್ರು. ಮನೇಲಿ ಇರ್ಬೇಡ ಅಂದ್ರಾ? ಆ ಹುಳಕ್ಕೆ ಗಾಳಿ ನೋಡ್ತೀವಿ, ಬಿಸಿ ನೋಡ್ತೀವಿ, ಯಾರೂ ಕೂಗಾಡ್ಬೇಡಿ ಅಂತೀವಿ. ಮನೆಗೆ ಬಂದ ಹೆಣ್ಣುಮಗಳು ಉಸಿರು ಬಿಡೋಕೆ ಜಾಗ ಹುಡುಕ್ಕೊಂಡು ಇಲಿ ಹತ್ರ, ಹುಲ್ಲಿನ ಹತ್ರ ಹೋಗವ್ಳೆ. ನಾಚ್ಕೆ ನಂಗಾಗ್ಬೇಕು, ನಿಮಗಲ್ಲ." ಆಮೇಲೆ ಮಗನ ಕಡೆ ತಿರುಗಿ, "ಏಮ್ರಾ, ನೆಲ ನೋಡಿದ್ದು ಸಾಕು. ಹಳೇ ಚಂದ್ರಿಕೆ ಎಲ್ಲ ಅಟ್ಟದಿಂದ ಇಳಿಸು" ಎಂದಳು.

ಒಳಗೆ ಟ್ರಂಕಿನ ಮುಚ್ಚಳ ಬಿದ್ದ ಸದ್ದು ಕೇಳಿತು.

ಚಿಕ್ಕಪ್ಪನೂ ಆ ಬೀಗರೂ ಸೇರಿಯೇ ಚಂದ್ರಿಕೆ ಇಳಿಸಿದರು. ಹಿತ್ತಲಿನ ಹೊಂಗೆಮರದ ಕೆಳಗೆ, ಹುಳದ ಮನೆಯಿಂದಲೂ ಕೊಟ್ಟಿಗೆಯಿಂದಲೂ ದೂರದಲ್ಲಿ, ಅವ್ವ ಜಾಗ ತೋರಿಸಿದಳು. ಚಂದ್ರಿಕೆಗಳಿಗೆ ಅಂಟಿದ್ದ ಹಳೆಯ ನೂಲು, ಧೂಳು ಹೋಗುವ ಹಾಗೆ ಅವನ್ನು ಬಾವಿಯ ಹತ್ತಿರ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಗೂಟ ನೆಟ್ಟು ಸುತ್ತ ಮರೆಯಾಗುವ ಹಾಗೆ ನಿಲ್ಲಿಸಿ ಕಟ್ಟಿದರು. ನೆಲ ಸಾರಿಸಿ ಒಣಗಿದ ಮೇಲೆ ಅವ್ವ ತನ್ನ ಚಾಪೆಯನ್ನೇ ತಂದು ಹಾಸಿದಳು. ಬೆಳಗಿನ ಬಿಸಿಲು ಆ ಬಿದಿರಿನ ಸುರುಳಿಗಳೊಳಗಿಂದ ತೂರಿ ಬಂದು ನೆಲದ ಮೇಲೆ, ಚಿಕ್ಕಮ್ಮನ ಸೀರೆಯ ಮೇಲೆ, ಕೆನ್ನೆಯ ಮೇಲೆ ಸುರುಳಿ ಸುರುಳಿಯಾಗಿ ರಂಗೋಲಿ ಬರೆಯುತ್ತಿತ್ತು. ಹೊಂಗೆಯ ಹೂವು ಉದುರುವ ಕಾಲವಾದರೆ ಎದ್ದಾಗ ಅವಳ ತಲೆಯ ತುಂಬ ಹೂವು. ಅದಕ್ಕಿಂತ ಚೆಲುವಾದ ಕೋಣೆಯನ್ನು ನಾನು ಈವರೆಗೆ ನೋಡಿಲ್ಲ. ಅದಕ್ಕೆ ಬಾಗಿಲೂ ಇರಲಿಲ್ಲ, ಸೂರೂ ಇರಲಿಲ್ಲ.

ಬಾಗಿಲ ಕೆಲಸ ಮಾಡಿದ್ದು ಅವ್ವ. ದಿನಾ ಬೆಳಿಗ್ಗೆ ಸೊಪ್ಪಿನ ರಾಶಿ ಮುಂದಿಟ್ಟುಕೊಂಡು ಆ ಮರೆಯಿಂದ ಸ್ವಲ್ಪ ದೂರದಲ್ಲಿ ಕೂರುವಳು. ಚಿಕ್ಕಪ್ಪ ಬಂದು, "ಲಲಿತ ಎಲ್ಲಿ? ನನ್ನ ಟವಲ್..." ಎಂದರೆ, "ಅವ್ಳು ಈಗ ಸಿಗಲ್ಲ. ನಿನ್ ಟವಲ್ ನೀನೇ ಹುಡ್ಕೋ." ಪಕ್ಕದ ಮನೆಯವರು ಮಜ್ಜಿಗೆಗೆ ಬಂದರೆ, "ಅವ್ಳು ಈಗ ಸಿಗಲ್ಲ, ಆಮೇಲ್ ಬಾರಮ್ಮ." ನಾನೇ ಗುರು ಎಂಬ ಹಕ್ಕಿನಿಂದ ಒಳಗೆ ನುಗ್ಗಹೋದರೆ, "ಊರ್ಕೇ ಉಂಡವೇ", ಸುಮ್ಮನಿರೇ, ಎಂದು ನನ್ನ ಜಡೆ ಹಿಡಿದು ಪಕ್ಕದಲ್ಲಿ ಕೂರಿಸಿ, ಒಂದು ಹಿಡಿ ಸೊಪ್ಪು ಕೈಗೆ ಕೊಡುವಳು. ನನ್ನ ಗುರುಪೀಠ ಅಲ್ಲಿಗೆ ಹೋಯಿತು.

ಮಾತ್ರೆಯಿಂದಲೋ, ಹುಳದ ಮನೆ ತಪ್ಪಿದ್ದರಿಂದಲೋ, ಆ ಉಸಿರಾಟದಿಂದಲೋ, ಚಿಕ್ಕಮ್ಮ ಬರಬರುತ್ತ ಹುಷಾರಾದಳು. ಹುಳದ ಮನೆಯ ಕೆಲಸ ಅಮ್ಮನಿಗೆ, ತೋಟದ, ನೀರಿನ, ಬಟ್ಟೆಯ ಕೆಲಸವೆಲ್ಲ ಚಿಕ್ಕಮ್ಮನಿಗೆ ಎಂದು ಅವ್ವ ಪಾಲು ಮಾಡಿದಳು. ಅಮ್ಮನ ಬಿಗಿದ ತುಟಿ ಸಡಿಲವಾಯಿತು. ಚಿಕ್ಕಮ್ಮನಿಗೆ ಒಬ್ಬ ಮಗ, ಒಬ್ಬಳು ಮಗಳು ಹುಟ್ಟಿದರು. ಆಮೇಲಿನದು ನಿಮಗೆ ಗೊತ್ತಿರುವಂಥದ್ದೇ. ಅವ್ವ ತೀರಿಕೊಂಡಳು, ಮನೆ ಪಾಲಾಯಿತು, ನಾನು ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದೆ, ಚಿಕ್ಕಪ್ಪ ಹುಳ ಬಿಟ್ಟು ಚಿಂತಾಮಣಿಯಲ್ಲಿ ಮನೆ ಮಾಡಿದ. ಊರಲ್ಲಿ ಈಗ ಹುಳ ಸಾಕುವವರು ಬಿದಿರು ಬಿಟ್ಟು ಪ್ಲಾಸ್ಟಿಕ್ಕಿನ ಚಂದ್ರಿಕೆ ತಂದಿದ್ದಾರೆ. ತೊಳೆಯುವುದು ಸುಲಭವಂತೆ.

ಕಳೆದ ತಿಂಗಳು ಇಲ್ಲೇ ಹತ್ತಿರದ ಮಂಡಿಕಲ್ಲಿನಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಅದಕ್ಕೆ ಬಂದ ಚಿಕ್ಕಮ್ಮ ನಮ್ಮ ಮನೆಯಲ್ಲಿ ಉಳಿದುಕೊಂಡಳು. ಕೂದಲೆಲ್ಲ ಬೆಳ್ಳಗಾಗಿದೆ, ನಗು ಹಾಗೇ ಇದೆ. ಸಿರಿ ಉತ್ಸಾಹದಿಂದ ತನ್ನ ಮೂಲೆ ತೋರಿಸಿದಳು. ನಾನು ಚಿಕ್ಕಮ್ಮನ ಮೊಣಕೈ ಹಿಡಿದು, "ನಮ್ ಚಿಕ್ಕಮ್ಮನ ಮುಂದೆ ಇದೆಲ್ಲ ಏನೇ? ಹೊಂಗೆಮರದ ಕೆಳಗೆ ತಪಸ್ಸು ಮಾಡ್ದೋರು ಇವ್ರು. ಒಂದು ದಿನ ಬಿಡ್ದೆ ಯೋಗ!" ಎಂದು ಮಗಳಿಗೆ ಕಥೆಯೆಲ್ಲ ಹೇಳಿದೆ.

ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುವುದಕ್ಕೆ ಶುರು ಮಾಡಿದಳು.

"ಯಾವ ತಪಸ್ಸು ಅಮ್ಮಣ್ಣಿ! ಶುರುವಲ್ಲಿ ಮಾಡ್ದೆ, ನಿಜ. ದಮ್ಮು ಕಮ್ಮಿ ಆಗೋವರ್ಗೂ ನೀನು ಹೇಳ್ಕೊಟ್ಟಿದ್ದೆಲ್ಲ ಮಾಡ್ದೆ, ಆ ಭುಜ ತಿರುಗ್ಸೋದೂ ಸೇರಿ. ಆಮೇಲಾಮೇಲೆ ಎಷ್ಟೋ ದಿನ ಸುಮ್ನೆ ಕೂತಿರ್ತಿದ್ದೆ ಅಷ್ಟೇ. ಯಾರೂ ಕರೆಯಲ್ವಲ್ಲ. ಹುಟ್ಟಿದಾಗಿಂದ ಅಂಥ ಜಾಗ ನಾನು ಕಂಡೇ ಇರ್ಲಿಲ್ಲ. ತವರಲ್ಲೂ ಇರ್ಲಿಲ್ಲ."

"ಅವ್ವಂಗೆ ಗೊತ್ತಾಗಿದ್ರೆ ಏನ್ ಗತಿ?" ಎಂದೆ.

"ಗೊತ್ತಿತ್ತು ಕಣೇ."

ಸಿರಿ ಅವಳ ಪಕ್ಕ ಬಂದು ಕೂತಳು. ಚಿಕ್ಕಮ್ಮನ ನಗು ನಿಂತಿತ್ತು.

"ದೊಡ್ಡ ಮಗು ಹುಟ್ಟಿ ಸ್ವಲ್ಪ ದಿನ ಆಗಿತ್ತು. ರಾತ್ರಿ ನಿದ್ದೆ ಇಲ್ಲ. ಅಮ್ಮಣ್ಣಿ, ಮಗೂನ ನಿಮ್ಮಮ್ಮನ ಹತ್ರ ಕೊಟ್ಟು, ಯೋಗ ಮಾಡ್ಕೊಂಡ್ ಬರ್ತೀನಕ್ಕ ಅಂತ ಹೋದೋಳು, ಕೂತಲ್ಲೇ ಉರುಳ್ಕೊಂಡಿದೀನಿ. ಎಚ್ಚರ ಆದಾಗ ಹೊತ್ತು ನೆತ್ತಿಗೆ ಬಂದಿದೆ. ಗಾಬರಿಯಾಗಿ ಕಣ್ ಬಿಟ್ರೆ, ನಿಮ್ಮವ್ವ ನನ್ನ ತಲೆ ಹತ್ರ ಕೂತು ಸೆರಗಲ್ಲಿ ನೊಣ ಓಡಿಸ್ತಾ ಅವ್ರೆ. ಎಷ್ಟೊತ್ತಿಂದ ಕೂತಿದ್ರೋ. ದಡಬಡ ಎದ್ದು ಸೆರಗು ಸರಿಮಾಡ್ಕೊಂಡೆ."

"ಏನಂದ್ರು?" ಸಿರಿ ಕೇಳಿದಳು.

"ಏನ್ ಅಂತಾರೆ? ಮೊಣಕಾಲು ಹಿಡ್ಕೊಂಡು ಎದ್ದು, 'ಆಯ್ತಾಮ್ಮ ನಿನ್ ಯೋಗ? ಬಾ, ಮುದ್ದೆ ಆರ್ತದೆ' ಅಂದ್ರು."